ಕನ್ನಡಿ ಮಾವ ಹೇಳಿದ ‘ಚೆನ್ನಾಗಿದೆ’

ಕತ್ತರಿ ಹಿಡಿದವನ ಎದುರು ಯಾರೂ ಸತ್ಯ ಹೇಳುವುದಿಲ್ಲ. ಅರ್ಧ ಆಯಸ್ಸು ಕಟಿಂಗ್ ಅಂಗಡಿಯಲ್ಲಿ ನಿಂತೇ ಕಳೆದ ಕನ್ನಡಿ ಮಾವನಿಗೆ ಇದು ತಡವಾಗಿ ಗೊತ್ತಾಯಿತು. ಕೆಲಸ ಮುಗಿದ ಮೇಲೆ ಗಿರಾಕಿಯ ಕತ್ತಿನ ಬಟ್ಟೆ ಕೊಡವಿ, ಚಿಕ್ಕ ಕನ್ನಡಿಯೊಂದನ್ನು ತಲೆಯ ಹಿಂದೆ ಹಿಡಿದು “ಹಿಂದೆ ಹೇಗಿದೆ ನೋಡ್ಕೊಳ್ಳಿ” ಅನ್ನದೆ ಅವರು ಯಾರನ್ನೂ ಕುರ್ಚಿಯಿಂದ ಏಳಲು ಬಿಟ್ಟವರಲ್ಲ. ಹೀಗಾಗಿ ಇಡೀ ಬೀದಿಗೆ ಅವರು ಕನ್ನಡಿ ಮಾವ, ಅವರ ಹೆಂಡತಿ ಎಲ್ಲರಿಗೂ ಅತ್ತೆ. ಕನ್ನಡಿಯಲ್ಲಿ ನೋಡಿಕೊಂಡವರು ಆಡುತ್ತಿದ್ದುದು ಒಂದೇ ಮಾತು, “ಚೆನ್ನಾಗಿದೆ.” ಒಂದು ಕಿವಿಯ ಪಕ್ಕ ಹೆಚ್ಚು, ಇನ್ನೊಂದರ ಪಕ್ಕ ಕಡಿಮೆ ಆಗಿದ್ದರೂ ಚೆನ್ನಾಗಿದೆ. ಹೋದ ಕೂದಲು ಜಗಳ ಆಡಿದರೆ ಬರುತ್ತದೆಯೇ ಅನ್ನುವ ಲೆಕ್ಕಾಚಾರ ಇರಬೇಕು.

ಆಮೇಲೆ ಮಾವನ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು ಒಂದೇ ತನ್ನ ಪಾಡಿಗೆ ತಾನು ಆಡುತ್ತಿತ್ತು, ಕ್ರಮೇಣ ಮಣಿಕಟ್ಟೂ ಜೊತೆಗೆ ಸೇರಿಕೊಂಡಿತು. ಕತ್ತಿನ ಹಿಂದಿನ ಗೆರೆ ಡೊಂಕಾಗತೊಡಗಿತು. ಗಿರಾಕಿಗಳು ಕನ್ನಡಿಯಲ್ಲಿ ಆ ಡೊಂಕನ್ನು ಕಂಡರು, ಚೆನ್ನಾಗಿದೆ ಅಂದರು, ಮುಂದಿನ ತಿಂಗಳಿಂದ ಎದುರುಗಡೆಯ ಫುಟ್‌ಪಾತಿನಲ್ಲಿ ಮುಖ ಆಚೆ ತಿರುಗಿಸಿಕೊಂಡು ನಡೆದರು. “ಮಾವ, ಕೈ ನಡುಗ್ತಾ ಇದೆ, ಯಾರಿಗಾದ್ರೂ ತೋರಿಸಿ” ಅನ್ನುವ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೊನೆಗೆ ಅತ್ತೆಯೇ ಎಳೆದುಕೊಂಡು ಹೋದಾಗ ಡಾಕ್ಟರು ಉದ್ದನೆಯ ಹೆಸರೊಂದನ್ನು ಹೇಳಿ, “ಇಷ್ಟು ದಿನ ಏನು ಮಾಡ್ತಿದ್ರಿ?” ಎಂದು ಕೇಳಿದರು. ಮಾವ ಅಂಗಡಿಯ ಬಾಗಿಲು ಹಾಕಿದರು. ಕ್ಷೌರದ ಕತ್ತಿ ನಡುಗುವ ಕಡೆ ಕತ್ತು ಕೊಡಿ ಅಂತ ಯಾರನ್ನು ಕೇಳುವುದು?

ಮನೆ ಎರಡು ಕೋಣೆಯದು. ಮುಂದಿನ ಕೋಣೆಯ ಕಿಟಕಿಯ ಬಳಿ ಅತ್ತೆಯ ಹೊಲಿಗೆ ಮಿಷನ್ನು, ಅದಕ್ಕೆ ಬೆನ್ನು ಮಾಡಿ ಮಾವನ ಕುರ್ಚಿ, ಮೇಜಿನ ಮೇಲೆ ಒಂದು ಟ್ಯಾಬು. ಆಸ್ಪತ್ರೆಯವರು ಕೈ ವ್ಯಾಯಾಮದ ಪಾಠಗಳನ್ನು ವಿಡಿಯೊ ಮಾಡಿ ಅದರಲ್ಲಿ ಹಾಕಿ ಕೊಟ್ಟಿದ್ದರು. ಮುಷ್ಟಿ ಬಿಗಿದು ಬಿಡಿಸುವುದು, ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸುವುದು, ಟವೆಲ್ ಹಿಂಡುವುದು. ಅದರಲ್ಲಿ ಡಾಕ್ಟರಮ್ಮ ಒಬ್ಬರು ಮಾಡಿ ತೋರಿಸುತ್ತಾರೆ, ನಾವು ವಿಡಿಯೊ ನಿಲ್ಲಿಸಿ ಹಾಗೇ ಮಾಡಬೇಕು, ಬರದಿದ್ದರೆ ಹಿಂದೆ ಹೋಗಿ ಮತ್ತೆ ನೋಡಬೇಕು. ಪಾಠ ಮಾಡಿದ್ದು ಕೈ ನಡುಗುವವರಿಗೆ. ಅದನ್ನು ನಿಲ್ಲಿಸಲು ಮಾತ್ರ ನಡುಗದ ಕೈ ಬೇಕು. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಟ್ಯಾಬಿನ ಕಾಲಕ್ಕೂ ನಿಜ ಮಾಡಿಟ್ಟ ಪುಣ್ಯಾತ್ಮ ಯಾರೋ.

ಪರದೆ ಮುಟ್ಟಿದರೆ ಬಟನ್ನುಗಳು ಮೂಡುತ್ತಿದ್ದವು, ಮಾವನ ಬೆರಳು ಅಲ್ಲಿಗೆ ತಲುಪುವಷ್ಟರಲ್ಲಿ ಮಾಯವಾಗುತ್ತಿದ್ದವು. ಅಪರೂಪಕ್ಕೆ ಸಿಕ್ಕಿದರೆ ಬೆರಳು ನಡುಗಿ ಎರಡು ಸಲ ಒತ್ತಿ, ನಿಂತ ವಿಡಿಯೊ ಮತ್ತೆ ಓಡುತ್ತಿತ್ತು. ಪಾಠ ಎಲ್ಲಿಯವರೆಗೆ ಬಂತು ಅಂತ ತೋರಿಸುವ ಕೆಳಗಿನ ದಾರದಂಥ ಗೆರೆಗೆ ಕೈ ತಗುಲಿತೋ, ಡಾಕ್ಟರಮ್ಮ ಆಗಲೇ “ನಾಳೆ ಸಿಗೋಣ” ಅನ್ನುತ್ತಿರುತ್ತಿದ್ದರು.

ಆದ್ದರಿಂದ ಇಡೀ ದಿನ ಮನೆಯಲ್ಲಿ ಒಂದೇ ಕೂಗು. “ಏನೇ, ಸ್ವಲ್ಪ ನಿಲ್ಸು.” “ಏನೇ, ಸ್ವಲ್ಪ ಹಿಂದೆ ಹಾಕು.” ಅತ್ತೆ ಮಿಷನ್ನಿನಿಂದ ಏಳಬೇಕು, ಬಂದು ಒತ್ತಬೇಕು, ಮತ್ತೆ ಹೋಗಿ ಕೂರಬೇಕು. ಮಾವ ಪ್ರತಿ ಸಲವೂ ತಪ್ಪದೆ “ಥ್ಯಾಂಕ್ಸ್” ಅನ್ನುತ್ತಿದ್ದರು. ಒಂದು ದಿನ ಅತ್ತೆಗೆ ರೇಗಿತು.

“ಇನ್ನೊಂದ್ಸಲ ಥ್ಯಾಂಕ್ಸ್ ಅಂದ್ರೆ ನೋಡಿ. ನಾನೇನು ನಿಮ್ಮ ಗಿರಾಕಿನಾ?”

ಮಾವನಿಗೂ ಆ ಮಾತು ಹಿತವಾಗಿರಲಿಲ್ಲ. ದಿನವಿಡೀ ಉಪಕಾರ ಸ್ಮರಣೆ ಮಾಡುತ್ತಿದ್ದರೆ ಅದು ಬಸ್ಸಿನ ಚಿಲ್ಲರೆಯ ಹಾಗೆ ಆಗಿಬಿಡುತ್ತದೆ. ಕೊಡುವವನಿಗೂ ಸಂತೋಷವಿಲ್ಲ, ತೆಗೆದುಕೊಳ್ಳುವವನಿಗೂ ಇಲ್ಲ.

ಅಷ್ಟರಲ್ಲಿ ದೊಡ್ಡ ರಸ್ತೆಯ ಹೊಲಿಗೆ ಕೇಂದ್ರದವರು ಅತ್ತೆಯನ್ನು ಕರೆದರು. ಮಕ್ಕಳ ಶಾಲೆಯ ಬಟ್ಟೆ ಹೊಲಿಯುವ ಕೆಲಸ, ಅತ್ತೆ ಅಲ್ಲಿ ಹತ್ತಾರು ಹೆಂಗಸರಿಗೆ ಬಟ್ಟೆ ಕತ್ತರಿಸುವುದನ್ನು ಹೇಳಿಕೊಡಬೇಕು. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ಕರೆಯಲು ಬಂದವರಿಗೆ ಅತ್ತೆ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ “ಇವರನ್ನ ಬಿಟ್ಟು ಹೇಗೆ ಬರ್ಲಿ” ಅಂದದ್ದು ಒಳಗೆ ಕೂತಿದ್ದ ಮಾವನ ಕಿವಿಗೆ ಬಿತ್ತು. ಕೈ ಕೆಟ್ಟಿದ್ದು ತನ್ನದು, ಕಟ್ಟಿಹಾಕಿದ್ದು ಅವಳನ್ನು.

ಮಾವನ ಅಕ್ಕನ ಮಗಳು, ಮನೆಯವರ ಬಾಯಲ್ಲಿ ಗುಬ್ಬಿ, ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು, ಹೇಗಿರಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಅದೂ ಒಂದು ಕೆಲಸವೇ ಅಂತ ಮಾವನಿಗೆ ಬಹಳ ದಿನ ಅನುಮಾನವಿತ್ತು. ಈ ಸಲ ಆಸ್ಪತ್ರೆಯವರೇ ಅವಳ ಆಫೀಸಿಗೆ ಹೇಳಿದ್ದರು, ನಮ್ಮ ಪಾಠಗಳಿಗೆ ಎಲ್ಲ ಬಗೆಯ ರೋಗಿಗಳೂ ಬಳಸಬಹುದಾದ ವಿಡಿಯೊ ಓಡಿಸುವ ಹೊಸ ಪ್ಲೇಯರ್ ಮಾಡಿಕೊಡಿ ಅಂತ. ಅದು ಹೆಚ್ಚುಕಡಿಮೆ ಸಿದ್ಧವಾದಾಗ ಗುಬ್ಬಿ ಓಡಿ ಬಂದಳು.

“ಮಾವ, ನೀವೇ ಬಂದು ನೋಡಿ ಹೇಳ್ಬೇಕು. ನಿಮಗೆ ಸರಿ ಹೋದ್ರೆ ಎಲ್ರಿಗೂ ಸರಿ ಹೋಗತ್ತೆ.”

ಆಫೀಸು ಮೂರನೆಯ ಮಹಡಿಯಲ್ಲಿ. ಗಾಜಿನ ಕೋಣೆ, ಬಿಳಿ ಮೇಜು, ಅದರ ಮೇಲೆ ಟ್ಯಾಬು. ಮಾವನಿಗಿಂತ ಮೊದಲು ಕಿವಿ ಕೇಳಿಸದ ಟೀಚರೊಬ್ಬರು ನೋಡಿ ಹೋಗಿದ್ದರು, ಕಣ್ಣು ಕಾಣದ ಹಿರಿಯರೊಬ್ಬರು ಹೊರಗೆ ಸರದಿಗೆ ಕಾಯುತ್ತಿದ್ದರು. ಮಾವ ಕೂತರು. ಹೊಸ ಪ್ಲೇಯರ್ ನೋಡಲು ಅಂದವಾಗಿತ್ತು, ಬಟನ್ನುಗಳು ತಿಳಿ ನೀಲಿಯ ತೆಳು ಗೆರೆಯವು. ಆದರೆ ಇವೂ ಆ ಹಳೆಯ ಮನೆತನದವೇ. ಮುಟ್ಟಿದರೆ ಮುಖ ತೋರಿಸಿ, ಹತ್ತಿರ ಹೋದರೆ ಒಳಗೆ ಓಡುವಂಥವು. ಗುಬ್ಬಿ ಆ ಟೀಚರ ಬಗ್ಗೆ ಏನೋ ಬರೆದುಕೊಳ್ಳುತ್ತಿದ್ದಾಗ ಮಾವನ ಬೆರಳು ಗಾಳಿಯನ್ನೇ ಒತ್ತುತ್ತಿತ್ತು. ಒಮ್ಮೆ ಅದೃಷ್ಟಕ್ಕೆ ವಿಡಿಯೊ ನಿಂತಿತು. ಸರಿಯಾಗಿ ಆ ಹೊತ್ತಿಗೆ ಗುಬ್ಬಿ ತಲೆ ಎತ್ತಿದಳು, ಮುಖ ಅರಳಿತು.

“ಹೇಗಿದೆ ಮಾವ?”

ಹುಡುಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿದಿದ್ದಾಳೆ. ತನಗಾಗಿಯೇ ಆಟೊ ಕಳಿಸಿದ್ದಾಳೆ. ಮಾವ ನಡುಗುವ ಕೈಯನ್ನು ಮೇಜಿನ ಕೆಳಗೆ ಇಳಿಸಿ, “ಚೆನ್ನಾಗಿದೆ” ಅಂದರು. ಸಾಲದ್ದಕ್ಕೆ “ತುಂಬಾ” ಅಂತಲೂ ಸೇರಿಸಿದರು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. “ಏನಾಯ್ತು?”

“ಚೆನ್ನಾಗಿದೆ ಅಂದೆ.”

“ನೀವು ಅಂದಿದ್ದು ಬಿಡಿ. ಕೈಗೆ ಸಿಕ್ತಾ?”

ಮಾವ ನೀರು ಕುಡಿದರು. ಅತ್ತೆ ಬಿಡುವ ಪೈಕಿ ಅಲ್ಲ. ವಿಷಯ ಹೊರಗೆ ಬಂದಾಗ ಅವರು ಬೈಯಲೂ ಇಲ್ಲ, ಬೈದಿದ್ದರೆ ಮೇಲಿತ್ತು. “ನಿಮ್ಮ ಗಿರಾಕಿಗಳೂ ನಿಮಗೆ ಹೀಗೇ ಅಲ್ವಾ ಹೇಳಿದ್ದು?” ಎಂದು ಕೇಳಿ ಒಳಗೆ ಹೋದರು.

ಎದುರಿನ ಫುಟ್‌ಪಾತಿನಲ್ಲಿ ಮುಖ ತಿರುಗಿಸಿಕೊಂಡು ನಡೆದವರ ಮೇಲೆ ಮಾವ ಇಷ್ಟು ವರ್ಷ ಒಳಗೊಳಗೇ ಹಲ್ಲು ಕಡಿದಿದ್ದರು. ಈಗ ತಾನೂ ಅದೇ ಫುಟ್‌ಪಾತಿಗೆ ದಾಟಿದ್ದೇನೆ ಅನ್ನಿಸಿತು. ಪ್ಲೇಯರ್ ಹಾಗೆಯೇ ಹೊರಗೆ ಬಂದರೆ ಅತ್ತೆ ಹೊಲಿಗೆ ಕೇಂದ್ರಕ್ಕೆ ಹೋಗುವ ಮಾತು ಮುಗಿದಂತೆ. ತನ್ನಂಥ ಕೈಯವರ ಮನೆಗಳಲ್ಲೆಲ್ಲ ಯಾರೋ ಒಬ್ಬರು ದಿನವಿಡೀ ಏಳುತ್ತ ಕೂರುತ್ತ ಇರಬೇಕು. ಯಥಾರ್ಥವಾದಿ ಲೋಕವಿರೋಧಿ, ಸರಿ. ಆದರೆ ಲೋಕವನ್ನು ಎದುರು ಹಾಕಿಕೊಳ್ಳುವುದು ಸುಲಭ, ಅಕ್ಕನ ಮಗಳನ್ನು ಎದುರು ಹಾಕಿಕೊಳ್ಳುವುದು ಕಷ್ಟ. ಆದರೂ ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿದರು.

“ನಿನ್ನೆ ನಾನು ಹೇಳಿದ್ದು ಸುಳ್ಳು ಕಣಮ್ಮ. ಬಟನ್ ನನ್ನ ಕೈಗೆ ಸಿಗೋದೇ ಇಲ್ಲ.”

ಗುಬ್ಬಿಯ ಮುಖ ಸಪ್ಪಗಾಯಿತು. “ಎಲ್ರೂ ಚೆನ್ನಾಗಿದೆ ಅಂದ್ರು ಅಂತ ನಿನ್ನೆನೇ ಮ್ಯಾನೇಜರಿಗೆ ಹೇಳ್ಬಿಟ್ಟೆ ಮಾವ. ಈ ವಾರ ಆಸ್ಪತ್ರೆಗೆ ಕೊಡ್ಬೇಕು.” ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಆಡಿದ ಮಾತು ವಾಪಸ್ಸು ತೆಗೆದುಕೊಂಡು ಮನೆಗೆ ಓಡಿಬಿಡೋಣ ಅನ್ನಿಸಿತು ಮಾವನಿಗೆ. ಬಾಯಿಗೆ ಬಂದೇ ಬಿಟ್ಟಿತ್ತು, “ಅಷ್ಟೇನೂ ಕೆಟ್ಟದಾಗಿಲ್ಲ, ಅಭ್ಯಾಸ ಆಗತ್ತೆ” ಅಂತ. ಕಷ್ಟಪಟ್ಟು ನುಂಗಿಕೊಂಡರು.

ಗುಬ್ಬಿ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ದನಿ ಗಟ್ಟಿಯಾಗಿತ್ತು. “ಕೂತ್ಕೊಳ್ಳಿ. ಇನ್ನೊಂದ್ಸಲ ಮಾಡಿ ತೋರಿಸಿ. ಈ ಸಲ ನಾನು ಪರದೆ ನೋಡಲ್ಲ, ನಿಮ್ಮ ಕೈ ನೋಡ್ತೀನಿ.”

ಅವಳು ಮೇಜಿನ ಪಕ್ಕ ನೆಲದ ಮೇಲೆ ಮಂಡಿಯೂರಿದಳು. ಮಾವ ಕೈ ಮುಂದೆ ಚಾಚಿದರು. ಒತ್ತಲು ಹೋದರು, ತಪ್ಪಿತು. ಮತ್ತೆ ಹೋದರು, ಮತ್ತೆ ತಪ್ಪಿತು. ಅಂಗಡಿ ಮುಚ್ಚಿದ ದಿನದಿಂದ ಆ ಕೈಯನ್ನು ಜೇಬಿನಲ್ಲೋ ಮೇಜಿನ ಕೆಳಗೋ ಬಚ್ಚಿಟ್ಟವರು ಅವರು. ಒಬ್ಬಳು ಮುಖ ತಿರುಗಿಸದೆ ಅದನ್ನೇ ನೋಡುತ್ತ ಕೂತದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು, ಹಗುರವಾಯಿತು. ತನ್ನ ಕತ್ತಿನ ಹಿಂದೆಯೂ ಯಾರೋ ಕನ್ನಡಿ ಹಿಡಿದು ನಿಜ ತೋರಿಸಿದಂತೆ ಅನ್ನಿಸಿ, ಆ ಹುಡುಗಿಯ ಬಗ್ಗೆ ಎದೆ ತುಂಬಿ ಬಂತು.

ಗುಬ್ಬಿ ಮ್ಯಾನೇಜರ್ ಹತ್ತಿರ ಚೆನ್ನಾಗಿ ಬೈಸಿಕೊಂಡು ಸ್ವಲ್ಪ ಸಮಯ ಕೇಳಿ ಪಡೆದಳು. ನೋಡಿ ಹೋದವರನ್ನೆಲ್ಲ ಮತ್ತೆ ಕರೆಸಿದಳು. ಈ ಸಲ ಬಾಗಿಲಲ್ಲೇ ನಿಂತು, “ಹೇಗಿದೆ ಅಂತ ನಾನು ಕೇಳಲ್ಲ. ಒಬ್ಬೊಬ್ರೂ ಕನಿಷ್ಠ ಒಂದಾದ್ರೂ ಬೈಗುಳ ಕೊಟ್ಟು ಹೋಗ್ಬೇಕು” ಅಂದಳು. ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆಯಿತು. ಟೀಚರಮ್ಮ ಬರೆದು ತೋರಿಸಿದರು, ಮಾತನ್ನು ಅಕ್ಷರದಲ್ಲಿ ತೋರಿಸುವ ಸಾಲು ಸರಿಯಾಗಿ ಡಾಕ್ಟರಮ್ಮನ ಕೈ ಮೇಲೆಯೇ ಬಂದು ಕೂರುತ್ತದೆ, ಕೈ ವ್ಯಾಯಾಮದ ಪಾಠದಲ್ಲಿ ಕೈ ಒಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ ಅಂತ. ಕಣ್ಣು ಕಾಣದ ಹಿರಿಯರಿಗೆ ಟ್ಯಾಬು ಎಲ್ಲವನ್ನೂ ಓದಿ ಹೇಳಬೇಕಿತ್ತು. “ಓದತ್ತೆ, ಇಲ್ಲ ಅನ್ನಲ್ಲ. ಬಟನ್, ಬಟನ್, ಬಟನ್ ಅಂತ ಓದತ್ತೆ. ಯಾವ ಬಟನ್ ಅಂತ ನಾನೇನು ಲಾಟರಿ ಎತ್ಲಾ?” ಅಂದರು ಅವರು. ಇದೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, “ನಮಗೋಸ್ಕರ ಇಷ್ಟು ಮಾಡಿದೀರಲ್ಲ, ಹೇಗೆ ಹೇಳೋದು” ಅನ್ನುವುದೇ ಎಲ್ಲರ ಉತ್ತರ. ಮಾವ ಮೂಲೆಯಲ್ಲಿ ಕೂತು ನಕ್ಕರು. ಕುರ್ಚಿ ಬೇರೆ, ಗಿರಾಕಿಗಳು ಅವರೇ.

ಬಟನ್ನುಗಳು ಚಿತ್ರದ ಮೇಲಿಂದ ಇಳಿದು ಕೆಳಗೆ ಬಂದವು, ಸೋಪಿನಷ್ಟು ದಪ್ಪಗಾದವು, ತಾವಾಗಿ ಮಾಯವಾಗುವುದನ್ನು ಬಿಟ್ಟವು. ಪ್ರತಿಯೊಂದಕ್ಕೂ ಓದಿ ಹೇಳುವಂಥ ಹೆಸರು ಬಂತು. ಅಕ್ಷರದ ಸಾಲನ್ನು ಬೇಕಾದ ಕಡೆ ಸರಿಸುವಂತಾಯಿತು. ನಡುಗಿ ಎರಡು ಸಲ ಒತ್ತಿದರೆ ಎರಡನೆಯದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ದಾರದಂಥ ಗೆರೆಯದೇ ದೊಡ್ಡ ತಲೆನೋವು. ದಪ್ಪ ಮಾಡಿದರೂ ಮಾವನ ಕೈ ತಗುಲಿ ಪಾಠ ಎಲ್ಲೋ ಹಾರುತ್ತಿತ್ತು. ಗುಬ್ಬಿ ಎರಡು ದಿನ ಪೆನ್ನು ಕಚ್ಚಿ ಯೋಚಿಸಿ, ‘ಮೊದಲಿದ್ದಲ್ಲಿಗೆ’ ಅನ್ನುವ ಒಂದು ಬಟನ್ ಇಟ್ಟಳು. ಎಲ್ಲಿಗೇ ಹಾರಿದ್ದರೂ ಒಂದು ಒತ್ತಿಗೆ ಬಿಟ್ಟ ಜಾಗಕ್ಕೆ ವಾಪಸ್ಸು.

“ತಪ್ಪಾಗದ ಹಾಗೆ ಮಾಡೋಕೆ ನನ್ನಿಂದ ಆಗ್ಲಿಲ್ಲ ಮಾವ. ತಪ್ಪಾದ್ರೆ ಪರವಾಗಿಲ್ಲ ಅನ್ನೋ ಹಾಗೆ ಮಾಡಿದೀನಿ.”

ಮಾವ ಒತ್ತಿ ನೋಡಿದರು. ಬೇಕೆಂದೇ ಪಾಠವನ್ನು ಕೊನೆಗೆ ಹಾರಿಸಿ, ಮತ್ತೆ ಮೊದಲಿದ್ದಲ್ಲಿಗೆ ತಂದರು. “ಈಗ ಚೆನ್ನಾಗಿದೆ” ಅಂದರು. ಗುಬ್ಬಿ ನಂಬದೆ ಅವರ ಕೈಯನ್ನೇ ಮತ್ತೊಂದು ಸಲ ನೋಡಿದಳು. ಅದು ಮಾವನಿಗೆ ಬಹಳ ಇಷ್ಟವಾಯಿತು.

ಹೊಸ ಪ್ಲೇಯರ್ ಮನೆಯ ಟ್ಯಾಬಿಗೆ ಬಂತು. ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನ ಇರುವಾಗ ಅತ್ತೆ ಹೂಂ ಅಂದರು. ಹೋಗುವ ದಿನ ಊಟ ಮುಚ್ಚಿಟ್ಟು, ನೀರು ಹತ್ತಿರ ಇಟ್ಟು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ಬಾಗಿಲಿಗೆ ಹೋದವರು ಮತ್ತೆ ಬಂದು ಟ್ಯಾಬನ್ನು ಒಂದಿಷ್ಟು ಈಚೆ ಸರಿಸಿ ಹೋದರು. ಆ ದಿನ ಮಾವ ಒಬ್ಬರೇ ಪಾಠ ನಿಲ್ಲಿಸಿದರು, ಮಾಡಿದರು, ಹಿಂದೆ ಹೋದರು. ಥ್ಯಾಂಕ್ಸ್ ಅನ್ನಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಮಿಷನ್ನಿನ ಸದ್ದಿಲ್ಲದ ಮನೆ ಮಾತ್ರ ಸ್ವಲ್ಪ ದೊಡ್ಡದಾದಂತೆ ಕಂಡಿತು.

ಸಂಜೆ ಅತ್ತೆ ಬಂದಾಗ ಟವೆಲ್ ಹಿಂಡುವ ಪಾಠ ನಡೆಯುತ್ತಿತ್ತು. ಅತ್ತೆಯ ಬಾಯಿತುಂಬ ಸುದ್ದಿ ಇದ್ದದ್ದು ಮುಖದಲ್ಲೇ ಕಾಣುತ್ತಿತ್ತು. “ನೀವು ಮುಗಿಸಿಕೊಳ್ಳಿ, ಆಮೇಲೆ ಹೇಳ್ತೀನಿ” ಅಂದರು.

ಮಾವ ಕೈ ಎತ್ತಿದರು. ಕೈ ತನ್ನದೇ ಸಮಯ ತೆಗೆದುಕೊಂಡು, ನಡುಗುತ್ತಲೇ ಹೋಯಿತು. ಬಟನ್ ಅಲ್ಲೇ ಇತ್ತು. ಡಾಕ್ಟರಮ್ಮ ಟವೆಲ್ ಹಿಡಿದುಕೊಂಡೇ ನಿಂತುಬಿಟ್ಟರು.

“ಈಗಲೇ ಹೇಳು” ಅಂದರು ಮಾವ, ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡು.

ಅತ್ತೆ ಹೇಳಿದರು. ಕತ್ತರಿಸುವ ಮೇಜು ಎಷ್ಟು ಉದ್ದವಿದೆ ಅಂತ, ಹೆಂಗಸರು ತನ್ನನ್ನು ಮೇಡಂ ಅಂದದ್ದಕ್ಕೆ ನಗು ಬಂತು ಅಂತ. ಆಮೇಲೆ ಹತ್ತಿರ ಬಂದು ಕೂತರು. “ಒಂದು ತಮಾಷೆ ಆಯ್ತು ರೀ. ಕೂತವಳು ಸುಮ್ಮಸುಮ್ಮನೆ ಎದ್ದು ನಿಲ್ತಿದ್ದೆ. ನೀವು ಕರೆದ ಹಾಗೆ ಆಗ್ತಿತ್ತು. ಪಕ್ಕದವಳು, ಏನಕ್ಕಾ, ಏನು ಬೇಕು ಅಂತ ಕೇಳಿದ್ಲು. ಏನೂ ಬೇಡಮ್ಮ ಅಂತ ಮತ್ತೆ ಕೂತ್ಕೊಂಡೆ.”

ನಗಲು ಹೊರಟ ಮಾವನಿಗೆ ನಗು ಬರಲಿಲ್ಲ. ಅವರು ನಡುಗುವ ಕೈಯಲ್ಲೇ ಅತ್ತೆಯ ಕೈ ಹಿಡಿದುಕೊಂಡರು.

“ಎಷ್ಟು ಸಲ ಎದ್ದಿದ್ದೀಯಲ್ಲೇ ನೀನು.”

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ವಿಡಿಯೊ ನಿಂತಲ್ಲೇ ನಿಂತಿತ್ತು. ಅದನ್ನು ಮುಂದುವರಿಸುವ ಅವಸರ ಇಬ್ಬರಿಗೂ ಇರಲಿಲ್ಲ.