ಅಟ್ಟದ ನಲವತ್ತು ನಿಮಿಷ

ಬ್ಲೌಸು ಹೊಲಿಯುವವಳಿಗೆ ಸುಳ್ಳು ಹೇಳುವ ಚಟ ತಾನಾಗಿ ಹತ್ತುತ್ತದೆ. "ನಾಳೆ ಬನ್ನಿ, ಹುಕ್ಸು ಒಂದೇ ಬಾಕಿ" ಎನ್ನುತ್ತಿದ್ದೆ. ಬಟ್ಟೆಗೆ ಕತ್ತರಿಯೇ ತಾಕಿರುತ್ತಿರಲಿಲ್ಲ. ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಬರುವ ಗಿರಾಕಿಯೊಬ್ಬರು ಮೂರನೇ ಸಲ ಬರಿಗೈಲಿ ಹೋಗುವಾಗ, "ಬಾಗ್ಲ ಮೇಲೆ 'ನಾಳೆ ಬಾ' ಅಂತ ಬರೆಸ್ಬುಡವ್ವ, ದೆವ್ವಗಳ ಜೊತೆ ನಾವೂ ವಾಪಸ್ ಹೋಯ್ತೀವಿ" ಎಂದರು. ನಕ್ಕೆ. ಆಮೇಲೆ ಸಿಟ್ಟು ಬಂತು, ಅವರ ಮೇಲಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೆಷಿನ್ ಮುಂದೆ ಕೂರುವವಳು ನಾನು. ಸಂಜೆಗೆ ಎರಡು ಬ್ಲೌಸೂ ಮುಗಿಯುವುದಿಲ್ಲವೆಂದರೆ ಹೊತ್ತು ಹೋಗುವುದಾದರೂ ಎಲ್ಲಿಗೆ?

ತಿಪಟೂರಿನಲ್ಲಿ ಡಿಗ್ರಿ ಓದುತ್ತಿರುವ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಮಾಡಬೇಕಾದ ಕೆಲಸ ಬರೆದುಕೊಳ್ಳುವುದು, ಶುರು ಮಾಡುವಾಗ ಒಂದು ಸಲ ಒತ್ತುವುದು, ನಿಲ್ಲಿಸುವಾಗ ಇನ್ನೊಂದು ಸಲ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಬಿಡುವು ಕೊಡುತ್ತದೆ. ಯಾವುದಕ್ಕೆ ಎಷ್ಟು ಹೊತ್ತು ಹೋಯಿತೆಂದು ಬಣ್ಣದ ಚಕ್ರ ಬಿಡಿಸಿ ತೋರಿಸುತ್ತದೆ. ನನಗೆ ಇಂಥವುಗಳ ಮೇಲೆ ಅನುಮಾನ ಜಾಸ್ತಿ. "ಇದನ್ನೆಲ್ಲ ಯಾರು ನೋಡ್ತಾರೆ?" ಎಂದು ಕೇಳಿದೆ. "ಯಾರೂ ಇಲ್ಲ ಕಣಮ್ಮ. ನಂಬರ್ ಕೇಳಲ್ಲ, ಹೆಸ್ರೂ ಕೇಳಲ್ಲ. ನೀನ್ ಬರ್ದಿದ್ದೆಲ್ಲ ನಿನ್ ಫೋನಲ್ಲೇ ಇರುತ್ತೆ" ಎಂದಳು. ಮನೆಗೆ ಬಂದ ನೆಂಟರೂ ಇಷ್ಟು ಮರ್ಯಾದೆ ಇಟ್ಟುಕೊಳ್ಳುವುದಿಲ್ಲ ಎನ್ನಿಸಿ ಒಪ್ಪಿಕೊಂಡೆ.

ಕಟಿಂಗ್, ಹೊಲಿಗೆ, ಹುಕ್ಸು, ಅಡುಗೆ, ಮಾತು ಎಂದು ಬರೆದುಕೊಂಡೆ. ಹೊತ್ತು ತಿನ್ನುವುದು ಮಾತೇ ಎಂದು ನನ್ನ ಅಂದಾಜು. ಎರಡನೇ ದಿನ 'ಅಟ್ಟ' ಎಂದೊಂದು ಸೇರಿಸಬೇಕಾಯಿತು. ವಾರದ ಕೊನೆಗೆ ನೋಡಿದರೆ ಮಾತಿಗೆ ಹೋದದ್ದು ಅಷ್ಟೇನಿಲ್ಲ. ಅಟ್ಟಕ್ಕೆ ದಿನಕ್ಕೆ ನಲವತ್ತು ನಿಮಿಷ, ಅದೂ ಏಳೆಂಟು ತುಂಡಾಗಿ. ಪ್ರತಿ ತುಂಡಿಗೂ ಮೆಷಿನ್ ನಿಲ್ಲಿಸು, ಏಣಿ ಹತ್ತು, ಇಳಿ, ಹೊಲಿಗೆ ಎಲ್ಲಿ ಬಿಟ್ಟೆ ಎಂದು ಹುಡುಕು.

ಅಟ್ಟಕ್ಕೆ ಕರೆಯುತ್ತಿದ್ದವರು ನನ್ನ ಮಾವ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಆಗಿದೆ. ಹೋದ ವರ್ಷ ಮಾವ ಆಗಿದೆ ಎಂದ ರಾಶಿಯನ್ನು ಸುಲಿಸಿದರೆ ಅರ್ಧಕ್ಕರ್ಧ ಹಸಿ. ಗಂಡ ಅವತ್ತೇ ಹೇಳಿದ್ದರು: "ಮುಂದಿನ್ ಸಲಾನೂ ಹಿಂಗೇ ಆದ್ರೆ ಅಟ್ಟ ನಾನೇ ನೋಡ್ಕತೀನಿ. ಅಪ್ಪಯ್ಯ ಸುಮ್ನೆ ಜಗ್ಲಿ ಮೇಲ್ ಕೂತ್ಕಳ್ಳಿ." ತೋಟವನ್ನು ಆಗಲೇ ಮಗನಿಗೆ ಬಿಟ್ಟುಕೊಟ್ಟಿದ್ದ ಮಾವನಿಗೆ ಉಳಿದಿದ್ದ ಯಜಮಾನಿಕೆ ಅದೊಂದೇ.

ಅದು ಗೊತ್ತಿದ್ದೂ ನನಗೆ ರೇಗುತ್ತಿತ್ತು. ಒಂದು ಕಾಯಿಯನ್ನು ನನ್ನ ಕಿವಿಗೆ ಹಿಡಿದು, "ಏನಂತೈತೆ ಕೇಳವ್ವ. ನೀನೂ ಕಲ್ತ್ಕಬೇಕಲ್ವಾ" ಎನ್ನುವರು. ಜೀವಮಾನವೆಲ್ಲ ಕೊಬ್ಬರಿ ನೋಡಿದವರಿಗೆ ಈಗ್ಯಾಕೆ ಪಾಠ ಹೇಳುವ ಉಮೇದು? ಅದೂ ಮಗನಿಗಲ್ಲ, ಮೊಮ್ಮಗಳಿಗಲ್ಲ, ನನಗೇ ಯಾಕೆ? ಒಂದು ಪಾಠಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ನೋಡೋಣವೆಂದು ಒಂದು ದಿನ ಫೋನನ್ನೂ ಹಿಡಿದು ಅಟ್ಟ ಹತ್ತಿದೆ.

ಮಾವ ಆ ಕಡೆ ತಿರುಗಿ ಕಾಯಿ ಆರಿಸುತ್ತಿದ್ದರು. ಅವರ ಬೆನ್ನ ಹಿಂದಿನ ತೊಲೆಯ ಮೇಲೆ ಫೋನ್ ಇಟ್ಟೆ. ಕೆಳಗೆ ಹೊಲಿಗೆಗೆಂದು ಶುರು ಮಾಡಿ ನಿಲ್ಲಿಸಲು ಮರೆತಿದ್ದ ಇಪ್ಪತ್ತೈದು ನಿಮಿಷ ಮುಗಿದು ಗಂಟೆ ಹೊಡೆಯಿತು. ನಾನೇ ಬೆಚ್ಚಿದೆ. ಮಾವ ತಿರುಗಲಿಲ್ಲ. ಬೇಕೆಂದೇ ಇನ್ನಷ್ಟು ಹೊಡೆಯಲು ಬಿಟ್ಟೆ. ಅವರು ಒಂದು ಕಾಯಿಯನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದರು, ಎಡಗಿವಿಗೆ ಹಿಡಿದು ಅಲ್ಲಾಡಿಸಿದರು, ಆಮೇಲೆ ಸುಮ್ಮನೆ ಅದನ್ನೇ ನೋಡುತ್ತ ನಿಂತರು. ಇಷ್ಟು ದಿನ ನಮ್ಮ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದಾರೆಂದು ಆಗ ಹೊಳೆಯಿತು. ಕಾಯಿಗೆ ತುಟಿ ಎಲ್ಲಿಂದ ಬರಬೇಕು? ನನಗೆ ಅಳು ಬಂತು. ಗಂಟೆ ನಿಲ್ಲಿಸಿ, ಮುಂದೆ ಹೋಗಿ, ಅವರ ಕೈಯಲ್ಲಿದ್ದ ಕಾಯಿಗೆ ಕಿವಿ ಕೊಟ್ಟೆ.

ಮರುದಿನದಿಂದ ಆ ನಲವತ್ತು ನಿಮಿಷವನ್ನು ಒಟ್ಟಿಗೇ ಅಟ್ಟಕ್ಕೆ ಎತ್ತಿಟ್ಟೆ. "ಮಾವ, ದಿನಾ ಹನ್ನೊಂದಕ್ಕೆ ಪಾಠ" ಎಂದೆ. ಉಳಿದ ಹೊತ್ತಿನಲ್ಲಿ ಅವರು ಕರೆಯಲಿಲ್ಲ, ಮೆಷಿನ್ ಓಡಿತು. ದಬ್ಬೇಘಟ್ಟದವರ ಬ್ಲೌಸು ಒಂದು ದಿನ ಮೊದಲೇ ಮುಗಿದಾಗ ಅವರು ನಂಬದೆ ಹುಕ್ಸು ಎಣಿಸಿ ನೋಡಿದರು. ಅಟ್ಟದಲ್ಲಿ ನಾನು ತಲೆಯಾಡಿಸಿದ ಕಾಯಿ ಬಲಕ್ಕೆ, ಆಡಿಸದ್ದು ಎಡಕ್ಕೆ. ಕಿವಿಯ ವಿಷಯ ಇಬ್ಬರೂ ಎತ್ತಲಿಲ್ಲ. ನನಗೆ ಗೊತ್ತಾಗಿರುವುದು ಅವರಿಗೆ ಗೊತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಈ ಸಲ ಸುಲಿಸಿದ ದಿನ ಬಲಗಡೆಯ ರಾಶಿಯಲ್ಲಿ ಹಸಿ ಎಂಬುದೇ ಇರಲಿಲ್ಲ. "ಅಪ್ಪಯ್ಯ ನೋಡುದ್ರೆ ಹಿಂಗಿರ್ತದೆ" ಎಂದು ಗಂಡ ಬಾಯಿತುಂಬ ಹೇಳಿದರು. ಊಟಕ್ಕೆ ಕೂತಾಗ ಯಾರಿಗೋ ಕರೆ ಮಾಡಲು ನನ್ನ ಫೋನ್ ಎತ್ತಿಕೊಂಡರು. ಬಣ್ಣದ ಚಕ್ರ ತೆರೆದೇ ಇತ್ತು.

"ಇದೇನೇ, ಅಟ್ಟ ದಿನಾ ನಲ್ವತ್ತು ನಿಮ್ಷ? ಅಲ್ಲೇನ್ ಮಾಡ್ತೀಯ?"

ಕಳ್ಳನ ಜೀವ ಹುಳ್ಳುಳ್ಳಗೆ. ಎದುರಿಗಿದ್ದ ಮಾವ ತುತ್ತನ್ನು ಕೈಯಲ್ಲೇ ಹಿಡಿದು ಮೊದಲು ಮಗನ ತುಟಿ ನೋಡಿದರು, ಆಮೇಲೆ ನನ್ನದು.

"ಕಾಯಿ ಕೇಳೋದ್ ಕಲೀತಿದ್ದೀನಿ ಕಣ್ರೀ. ಮಾವ ಹೇಳ್ಕೊಡ್ತಾವ್ರೆ" ಎಂದೆ.

"ಕಲ್ತಾಯ್ತಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ಎಲ್ಲಿ ಬುಡು. ಮುಂದಿನ್ ವರ್ಷಾನೂ ಬರ್ಬೇಕಾಗ್ತದೆ."

"ಬತ್ತೀನಿ ಮಾವ" ಎಂದೆ, ಮುಖವನ್ನು ಪೂರ್ತಿ ಅವರ ಕಡೆ ತಿರುಗಿಸಿ.