ಹನ್ನೊಂದು ಹೆಸರಿನ ಪೇಪರ್

ನಕ್ಷತ್ರಗಳ ಬೆಳಕು ಏರಿಳಿಯುವುದನ್ನು ಅಳೆಯುವುದು ನನ್ನ ಕೆಲಸ. ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋದರೆ ಬೆಳಕು ಇಷ್ಟೇ ಇಷ್ಟು ಕುಗ್ಗುತ್ತದೆ. ಆ ಕುಗ್ಗಿದ್ದನ್ನು ಹಿಡಿದೇ ಅಲ್ಲೊಂದು ಗ್ರಹವಿದೆ ಎನ್ನುತ್ತೇವೆ. ನಮ್ಮದು ಒಂಬತ್ತು ಜನರ ತಂಡ. ಬೇರೆ ಬೇರೆ ದೇಶದವರು, ಮುಖ ನೋಡುವುದೆಲ್ಲ ಪರದೆಯ ಮೇಲೆ.

ಒಮ್ಮೆ ಸಾಸ್ವೆಹಳ್ಳಿಗೆ, ನಮ್ಮೂರಿಗೆ ಬಂದಿದ್ದಾಗ ಹೊನ್ನಾಳಿಯಲ್ಲಿ ಮೇಷ್ಟ್ರುಗಳಿಗೆ ಒಂದು ದಿನದ ಕಾರ್ಯಾಗಾರ ನಡೆಸಿಕೊಟ್ಟೆ. ಜಗಳೂರು ಕಡೆಯ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿಯೊಬ್ಬರು ಬಸ್ಸು ಬದಲಿಸಿಕೊಂಡು ಅಷ್ಟು ದೂರದಿಂದ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು, ಕಂಪ್ಯೂಟರ್ ಬೇಡವೆಂದು ತಳ್ಳಿಹಾಕಿದ, ಬೆಳಕಿನ ಏರಿಳಿತದ ನಕ್ಷೆಗಳನ್ನು ಯಾರಾದರೂ ಕಣ್ಣಾರೆ ನೋಡುತ್ತಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನನಗೆ ಕಳಿಸಿ ಎಂದರು.

ಕಳಿಸಿದೆ. ಒಂದೂವರೆ ವರ್ಷ, ಪಾಠವಿಲ್ಲದ ಪೀರಿಯಡ್‌ಗಳಲ್ಲೆಲ್ಲ ಅವರು ಪ್ರಯೋಗಾಲಯದ ಹಳೇ ಕಂಪ್ಯೂಟರ್ ಮುಂದೆ ಕೂತರು. ನೋಟ್‌ಬುಕ್ಕಿನಲ್ಲಿ ಬರೆದಿದ್ದನ್ನು ಫೋಟೊ ತೆಗೆದು ನನ್ನ ಮೊಬೈಲಿಗೆ ಕಳಿಸುತ್ತಿದ್ದರು. ಒಂದು ಮಧ್ಯಾಹ್ನ ಬಂದ ಫೋಟೊದಲ್ಲಿ ಒಂದು ನಕ್ಷೆಗೆ ಮೂರು ಕಡೆ ಸುತ್ತು ಹಾಕಿದ್ದರು. ಉಪಕರಣದ ದೋಷವೆಂದು ಕಂಪ್ಯೂಟರ್ ತಳ್ಳಿಹಾಕಿದ್ದ ಕುಗ್ಗು ಅದು. ಒಂದೇ ಅಂತರದಲ್ಲಿ ಮೂರು ಸಲ ಬಂದಿತ್ತು. ಲೆಕ್ಕ ಮಾಡಿ ನೋಡಿದೆ. ಗ್ರಹವೇ.

ಸಂಶೋಧನಾ ಪೇಪರ್ ಬರೆಯುವಾಗ ಅವರ ಹೆಸರೂ ಇರಬೇಕೆಂದು ಮೀಟಿಂಗಿನಲ್ಲಿ ಹೇಳಿದೆ. ತಂಡದ ಮುಖ್ಯಸ್ಥ ಏನೋ ಜಗಿಯುತ್ತಿದ್ದ. ಜಗಿಯುತ್ತಲೇ, ತಾಲ್ಲೂಕು ಕಾಲೇಜಿನ ಹೆಸರು ಸೇರಿದರೆ ಪೇಪರ್ ಹಗುರಾಗಿ ಕಾಣುತ್ತದೆ, ಕೊನೆಯಲ್ಲಿ ಧನ್ಯವಾದ ಹೇಳಿದರಾಯಿತು ಎಂದ. ಅದೇ ಉಸಿರಿನಲ್ಲಿ ಇನ್ನೆರಡು ಹೆಸರು ಸೇರಿಸಿದ. ಒಂದು ಅವನ ಮೇಲಧಿಕಾರಿಯದು, ಇನ್ನೊಂದು ಆ ತಿಂಗಳಷ್ಟೇ ಅವನ ಬಳಿ ಸೇರಿದ್ದ ವಿದ್ಯಾರ್ಥಿಯದು. ಇಬ್ಬರೂ ಒಂದು ನಕ್ಷೆಯನ್ನೂ ತೆರೆದು ನೋಡಿದವರಲ್ಲ. ನನ್ನ ಬಡ್ತಿಗೆ ಅವನೇ ಶಿಫಾರಸು ಬರೆಯಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಮಾರನೇ ದಿನ, ಆಕ್ಷೇಪಣೆ ಇಲ್ಲ ಎಂದು ಬರೆದೂ ಕಳಿಸಿದೆ.

ಪೇಪರ್ ಹೊರಬಂದ ಮೇಲೆ ಚನ್ನಗಿರಿಯಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಮುಖ್ಯ ಅತಿಥಿ ನನ್ನ ಪೇಪರ್‌ಗಳ ಸಂಖ್ಯೆ ಓದಿ, ಯಂತ್ರ ಕಾಣದ್ದನ್ನು ನಮ್ಮ ಹೆಣ್ಣುಮಗಳ ಕಣ್ಣು ಕಂಡಿತು ಎಂದರು. ಜನ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಆ ಉಪನ್ಯಾಸಕಿಯೂ ಕೂತು ತಟ್ಟುತ್ತಿದ್ದರು. ಹೊದಿಸಿದ ಶಾಲಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಆದರೆ ನನಗೆ ಹೇಸಿಗೆಯಾದದ್ದು ಅದರಿಂದಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರು ಹತ್ತಿರ ಬಂದರು.

"ಮೇಡಂ, ಪೇಪರ್ ಓದಿದೆ. ಕೊನೇಗೆ ಸ್ವಯಂಸೇವಕರೊಬ್ಬರಿಗೆ ಧನ್ಯವಾದ ಅಂತ ಐತೆ. ಅದು ನಾನೇ ಅಲ್ವೇನ್ರೀ?"

ಅಲ್ಲೂ ಹೆಸರು ತೆಗೆದುಹಾಕಿದ್ದರು. ಅಚ್ಚಾದ ಪೇಪರಿನ ಕೊನೆಯ ಪುಟವನ್ನು ನಾನು ತೆರೆದೇ ಇರಲಿಲ್ಲ. ಹೌದು, ನೀವೇ ಎಂದೆ.

"ಅಷ್ಟೇ ರೀ. ನಮ್ಮ ಹುಡುಗೀರಿಗೆ ತೋರ್ಸಾಕೆ ಬೇಕಿತ್ತು."

ಅಂದು ನ್ಯಾಮತಿಯ ಅಕ್ಕನ ಮನೆಗೆ ಹೋದೆ. ಅಕ್ಕ ಶಾಲನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದಳು. ಊಟಕ್ಕೆ ಕೂತೆ. ಮೀಟಿಂಗಿನಲ್ಲಿ ಜಗಿಯುತ್ತಿದ್ದ ಮುಖ್ಯಸ್ಥನ ಮುಖ ಕಣ್ಣಮುಂದೆ ಬರುತ್ತಿತ್ತು, ಅದರ ಪಕ್ಕದಲ್ಲೇ ಸುಮ್ಮನೆ ಕೂತ ನನ್ನ ಮುಖವೂ. ಯಾವುದು ಹೆಚ್ಚು ಹೇಸಿಗೆ ಎಂದು ಹೇಳಲಾಗುತ್ತಿರಲಿಲ್ಲ. ಅಲ್ಲಿಂದಲೇ ಪೇಪರ್ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ನಡೆದದ್ದೆಲ್ಲ ಬರೆದೆ. ಹೆಸರು ಸೇರಿಸಲು ಹನ್ನೊಂದೂ ಜನ ಒಪ್ಪಬೇಕು ಎಂದು ಉತ್ತರ ಬಂತು. ನನ್ನ ಬಿಟ್ಟು ಒಪ್ಪಿದವರು ಒಬ್ಬರೇ. ಮುಖ್ಯಸ್ಥ ಫೋನ್ ಮಾಡಿ, ಆಕ್ಷೇಪಣೆಯಿಲ್ಲವೆಂಬ ನನ್ನ ಪತ್ರವನ್ನು ನನಗೇ ಓದಿ ಹೇಳಿದ. ತಂಡ ಬಿಟ್ಟೆ. ಶಿಫಾರಸು ಬರಲಿಲ್ಲ, ಬಡ್ತಿಯೂ ಇಲ್ಲ.

ಮುಂದಿನ ರಜೆಯಲ್ಲಿ ಜಗಳೂರಿಗೆ ಹೋಗಿ, ಮೀಟಿಂಗಿನಲ್ಲಿ ನಾನು ಸುಮ್ಮನಿದ್ದದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

"ಅವರು ನಂಗೆ ಯಾರೋ ರೀ. ನೀವು ನನ್ನ ಪಕ್ಕ ಕೂತು ಉಂಡೋರು" ಎಂದರು.

ಆಮೇಲೆ ಅವರೇ, ಇನ್ನು ಕೆಲಸ ಮಾಡುವುದಾದರೆ ಯಾರ ಹೆಸರು ಎಲ್ಲಿ ಬರುತ್ತದೆಂದು ಮೊದಲ ದಿನವೇ ಬರೆದುಕೊಡಬೇಕು ಎಂದರು. ಅಲ್ಲೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದೆ.

ಈಗ ನಮ್ಮಿಬ್ಬರದೇ ಒಂದು ಪೇಪರ್ ಪರಿಶೀಲನೆಯಲ್ಲಿದೆ. ಮೊದಲ ಹೆಸರು ಅವರದು. ಆದರೂ ಬೇರೆಯವರು ಅತಿ ಹೆಚ್ಚು ಉಲ್ಲೇಖಿಸುವ ನನ್ನ ಪೇಪರ್ ಇವತ್ತಿಗೂ ಆ ಹನ್ನೊಂದು ಹೆಸರಿನದೇ. ಯಾರಾದರೂ ಅದನ್ನು ಹೊಗಳಿದರೆ ಬಾಯಲ್ಲಿ ಕಹಿನೀರು ಬರುತ್ತದೆ. ಆ ಗ್ರಹವನ್ನು ಕಂಡದ್ದು ಯಾರ ಕಣ್ಣು ಎಂದು ಹೊಗಳಿದವರನ್ನು ಕೂರಿಸಿಕೊಂಡು ಹೇಳುತ್ತೇನೆ. ಹೆಚ್ಚಿನವರು ಮಾತು ಬದಲಿಸುತ್ತಾರೆ.