ಕಪ್ಪು-ಬಸಿಯ ಮರ್ಯಾದೆ

ಸವಣೂರಿನ ನಮ್ಮ ಅಕ್ಕನ ಮನೆಯಲ್ಲಿ ಚಹಾಕ್ಕೆ ಎರಡು ದರ್ಜೆಗಳಿವೆ. ಅಡಿಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತು, ಸ್ಟೀಲಿನ ಲೋಟದಲ್ಲಿ ಕುಡಿಯುವ ಚಹಾ ಮನೆಯವರಿಗೆ. ಪಡಸಾಲೆಯ ಕುರ್ಚಿಯ ಮೇಲೆ ಕೂತು, ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ (ಬಸಿ ಎಂದರೆ ಸಾಸರು), ನಾಲ್ಕು ಬಿಸ್ಕೀಟು ಸಮೇತ ಕುಡಿಯುವ ಚಹಾ ಊರ ಲೆಕ್ಕ ಬರೆಯುವ ತಲಾಟಿ, ಬೀಗರು, ವಿಮೆಯ ಏಜಂಟರು ಮೊದಲಾದ ಗಣ್ಯರಿಗೆ. ಐವತ್ತು ವರ್ಷ ಲೋಟದ ದರ್ಜೆಯಲ್ಲಿದ್ದ ನನಗೆ ಐದು ವರ್ಷದ ಕೆಳಗೆ ಕಪ್ಪು-ಬಸಿಗೆ ಬಡ್ತಿ ಸಿಕ್ಕಿತು. ಅದಕ್ಕೆ ಕಾರಣ ಆಧುನಿಕ ಮನಶ್ಶಾಸ್ತ್ರ.

ಆಗ ನಾನು ಹಾನಗಲ್ಲಿನ ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ಆಗಷ್ಟೇ ನಿವೃತ್ತನಾಗಿದ್ದೆ. ನಿವೃತ್ತರಾದವರು ಸಂತೋಷವಾಗಿ ಇರುವುದು ಹೇಗೆಂದು ಕಲಿಸುವ ಒಂದು ದಿನದ ತರಬೇತಿ ಇತ್ತು. ಊಟವೂ ಇತ್ತು, ಹೋದೆ. ಕಲಿಸಲು ಬಂದವರು ಹೇಳಿದ್ದರ ಸಾರಾಂಶ ಇಷ್ಟು: ನಾವು ಜೀವಮಾನವೆಲ್ಲ ಬೇರೆಯವರಿಗಾಗಿ ಬದುಕುತ್ತೇವೆ, ಮನಸ್ಸಿನ ಸುತ್ತ ಒಂದು ಗಡಿ ಹಾಕಿಕೊಳ್ಳಬೇಕು, ಬೇಡವಾದದ್ದಕ್ಕೆ 'ಆಗುವುದಿಲ್ಲ' ಅನ್ನಬೇಕು, ಅಂದ ಮೇಲೆ ಕಾರಣ ಕೊಡಬಾರದು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಸರ್ಕಾರದ ಯಾವ ಸುತ್ತೋಲೆಗೂ ನಾನು ಅಷ್ಟು ಗೌರವ ತೋರಿಸಿದವನಲ್ಲ.

ಕಲಿತದ್ದನ್ನು ಪ್ರಯೋಗಿಸಲು ವಾರದೊಳಗೇ ಸಂದರ್ಭ ಬಂತು. ನಾಗರ ಪಂಚಮಿ ಹತ್ತಿರವಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ, ಕೊಟ್ಟ ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಬರಬೇಕು. ಅಪ್ಪ ಅವ್ವ ಹೋದಮೇಲೆ ಅಕ್ಕನಿಗೆ ತವರು ಎಂದರೆ ನಮ್ಮ ಮನೆಯೇ. ಪ್ರತಿ ವರ್ಷ ನಾನು ಹೋಗಿ ಕರೆತರುತ್ತಿದ್ದೆ. ಆಕೆ ನಾಲ್ಕು ದಿನ ಇದ್ದು, ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಕೂತು ನಮ್ಮ ಸಂಸಾರದ ತಪಾಸಣೆ ಮಾಡಿ ಹೋಗುತ್ತಿದ್ದಳು. ಆ ವರ್ಷವೂ ಫೋನು ಬಂತು.

"ಎಂದು ಬರ್ತೀಯೋ ಕರಿಯಾಕ? ಉಂಡಿ ಕಟ್ಟಿ ಇಟ್ಟೇನಿ."

"ಈ ವರ್ಷ ಆಗೂದಿಲ್ಲಕ್ಕ."

"ಯಾಕ? ಆರಾಮ ಅದೀರಿಲ್ಲೋ?"

"ಆರಾಮ ಅದೇವಿ. ಆಗೂದಿಲ್ಲ, ಅಷ್ಟ."

ಆ ಕಡೆ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿತು. ಆಮೇಲೆ "ಆತು ಬಿಡು" ಅಂದಳು.

ಇಷ್ಟು ಸಲೀಸಾಗಿ ಕೆಲಸ ಮಾಡುವ ಶಾಸ್ತ್ರ ಇನ್ನೊಂದಿಲ್ಲ ಅಂದುಕೊಂಡು ಫೋನು ಇಟ್ಟೆ. ಒಳಗಿನಿಂದ ಹೆಂಡತಿ ಹೊರಗೆ ಬಂದಳು.

"ಏನಂದ್ರಿ ಅಕ್ಕಾರಿಗೆ? ಅಪ್ಪ ಅವ್ವ ಇಲ್ಲದ ಹೆಣ್ಮಗಳಿಗೆ ತವರಮನಿ ಬಾಗಲಾ ಹಾಕಿದ್ರಲ್ಲ."

"ಬಾಗಲಾ ಅಲ್ಲ, ಗಡಿ."

"ಗಡಿ ಹಾಕಾಕ ಅಕ್ಕಾರೇನು ಬಾಜೂ ಹೊಲದವ್ರೇನ್ರಿ?"

ನನಗಾಗಿ ಉಳಿಸಿಕೊಂಡ ಆ ನಾಲ್ಕು ದಿನಗಳನ್ನು ನಾನು ವಿಧಿಪೂರ್ವಕವಾಗಿ ಅನುಭವಿಸಿದೆ. ಮೊದಲ ದಿನ ಪುಸ್ತಕ ಓದಿದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಡಿಯಾರ ಕೆಟ್ಟಿದೆಯೆಂದು ಸೆಲ್ಲು ಬದಲಿಸಿದೆ. ಜೋಕಾಲಿಯ ಹಗ್ಗ ಅಟ್ಟದಿಂದ ಕೆಳಗೆ ಇಳಿಯಲೇ ಇಲ್ಲ.

ದೀಪಾವಳಿಗೆ ಸವಣೂರಿಗೆ ಹೋದಾಗ ಅಕ್ಕ ಸೆರಗಿನಿಂದ ಕುರ್ಚಿ ಒರೆಸಿ "ಬರ್ರಿ, ಕುಂಡರ್ರಿ" ಅಂದಳು. ನನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಭ್ಯಾಸದಂತೆ ಅಡಿಗೆಮನೆಯ ಕಡೆ ಕಾಲು ಹಾಕಿದರೆ, "ಒಳಗ ಸೆಕಿ ಐತ್ರಿ, ಇಲ್ಲೇ ಕುಂಡರ್ರಿ" ಅಂದಳು. ಕಪ್ಪು-ಬಸಿ ಬಂತು. ಬಿಸ್ಕೀಟು ಬಂತು. ಜಗಳ ಇಲ್ಲ, ಮುನಿಸಿನ ಮಾತಿಲ್ಲ. ನನ್ನ ಹೆಂಡತಿಯ ಆರೋಗ್ಯ, ಆ ವರ್ಷದ ಮಳೆ, ಬಸ್ಸಿನ ಸಮಯ ಎಲ್ಲವನ್ನೂ ವಿಚಾರಿಸಿದಳು. ಮೂರು ವರ್ಷ ಹೀಗೆಯೇ ನಡೆಯಿತು; ಪಂಚಮಿಗೆ ಕರೆಯಲು ಬಾ ಎಂದು ಆಕೆ ಮತ್ತೆ ಕೇಳಲಿಲ್ಲ, ನಾನೂ ಹೋಗಲಿಲ್ಲ. ಮರ್ಯಾದೆ ಎಂಬುದು ಇಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಅಡಿಗೆಮನೆಯಲ್ಲೇ ನಾನು ಹೈಸ್ಕೂಲು ಓದಿದ್ದು. ಅಕ್ಕ ಆಗ ಹೊಸದಾಗಿ ಸಂಸಾರಕ್ಕೆ ಬಂದವಳು. ಮನೆಗೆಲ್ಲ ಒಂದೇ ಬಲ್ಬು, ಅದೂ ಒಲೆಯ ಎದುರಿಗೆ. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ನಾನು ಗೋಡೆಗೆ ಒರಗಿ ಪಾಠದ ಪದ್ಯ ಒಪ್ಪಿಸುತ್ತಿದ್ದೆ. ನಾನು ತಪ್ಪಿದರೆ ಬಡಿಯುವ ಸದ್ದು ನಿಲ್ಲುತ್ತಿತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ನನ್ನ ತಪ್ಪು ಹೇಗೆ ಗೊತ್ತಾಗುತ್ತಿತ್ತೋ, ತಿಳಿಯದು. ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಮನೆಯ ಹಿರಿಯರಿಗೆ ಕಾಣದಂತೆ ನನ್ನ ಕಡೆ ಸರಿಸುತ್ತಿದ್ದಳು. ಕುರ್ಚಿಯ ಮೇಲೆ ಕೂತು ಬಿಸ್ಕೀಟು ಅದ್ದುವಾಗ, ಹತ್ತು ಹೆಜ್ಜೆ ಆಚೆಗಿನ ಆ ಗೋಡೆಯನ್ನು ನಾನು ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಪಿಂಚಣಿದಾರರ ಸಭೆಗೆ ಒಬ್ಬ ಚಿಕ್ಕ ವಯಸ್ಸಿನ ಮನಶ್ಶಾಸ್ತ್ರಜ್ಞೆ ಬಂದರು. ನಮಗೆ ಉಪಕಾರ ಮಾಡಿದವರಿಗೆ ಒಂದು ಪತ್ರ ಬರೆದು, ಅವರ ಎದುರಿಗೇ ಓದಿ ಹೇಳಿದರೆ ಮನಸ್ಸಿಗೆ ಬಹುದಿನ ಸುಖ ಎಂದರು. ಹಾಳು ಮಾಡಿದ ಶಾಸ್ತ್ರವೇ ಸರಿಪಡಿಸಲಿ ಎಂದು ಪತ್ರ ಬರೆದೆ. ಕೈ ಕಚೇರಿಯದು, ಪತ್ರವೂ ಹಾಗೇ ಆಯಿತು. ಪಂಚಮಿಗೆ ನಾಲ್ಕು ದಿನ ಮುಂಚೆ, ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಕುರ್ಚಿ ಒರೆಸಿದಳು, ಚಹಾ ತಂದಳು. ನಾನು ಎದ್ದು ನಿಂತು ಓದತೊಡಗಿದೆ.

"ವಿಷಯ: ಬಾಲ್ಯದಿಂದ ಇಲ್ಲಿಯವರೆಗೆ ಮಾಡಿದ ಉಪಕಾರಗಳಿಗೆ ಕೃತಜ್ಞತೆ ಸಲ್ಲಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಸಹೋದರನಾದ ನಾನು..."

ಅಕ್ಕನ ಮುಖ ಬಿಳಚಿಕೊಂಡಿತು. "ಡಾಕ್ಟರ್ ಏನಂದ್ರೋ?"

"ಯಾವ ಡಾಕ್ಟರ್?"

"ಮುಚ್ಚಿಡಬ್ಯಾಡ. ಹುಬ್ಬಳ್ಳಿಗೆ ತೋರಿಸೀಯಿಲ್ಲೋ?"

"ನನಗೇನೂ ಆಗಿಲ್ಲಕ್ಕ! ಸ್ವಲ್ಪ ಶುಗರ್ ಐತಿ, ಅಷ್ಟ."

"ಮತ್ಯಾಕ ಹಿಂಗ ಹೇಳಾಕತ್ತೀ? ನಿಮ್ಮ ಮಾಮಾನೂ ಹಿಂಗ ಮಾಡಿದ್ರು. ಇಷ್ಟು ವರ್ಷದಾಗ ಒಂದಿನಾ ಅಂದವ್ರಲ್ಲ, ಅವತ್ತು ರಾತ್ರಿ ಉಂಡು, 'ಪಲ್ಯ ಚಲೋ ಆಗಿತ್ತು, ನಿನಗ ಭಾಳ ತ್ರಾಸ ಕೊಟ್ಟೆ' ಅಂದ್ರು. ಮುಂಜಾನಿ ಎಬ್ಬಸಾಕ ಹೋದ್ರ ಮೈ ತಣ್ಣಗ." ತೀರಿಹೋದ ಗಂಡನ ನೆನಪಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮನ್ಯಾವ್ರಿಗೆ ಯಾರರ ಹಿಂಗ ಹೇಳ್ತಾರೇನೋ ಖೋಡಿ? ಹೊರಗಿನವ್ರಿಗೆ ಹೇಳ್ತಾರ, ಇಲ್ಲಾ ಹೋಗಾವ್ರು ಹೇಳ್ತಾರ."

ಸಭೆಗೆ ಬಂದವರು ಹೇಳಿದ್ದನ್ನು ವಿವರಿಸಿದೆ. ಹೀಗೆ ಓದಿದರೆ ಸುಖ ಆಗುತ್ತದಂತೆ ಎಂದೆ.

"ಯಾರಿಗೆ?"

"ನನಗ."

ಅಕ್ಕ ನನ್ನನ್ನೇ ನೋಡಿದಳು. "ಅವತ್ತು ಕರಿಯಾಕ ಬರೂದಿಲ್ಲ ಅಂದ್ಯಲ್ಲ, ಅದೂ ಇಂಥಾವ್ರ ಹೇಳಿಕೊಟ್ಟದ್ದೇನು?"

"ಹೌದಕ್ಕ."

"ಒಬ್ಬಾಕಿನ ಬಸ್ಸು ಹತ್ತಿ ಬರಾಕ ನನಗ ಬರ್ತಿದ್ದಿಲ್ಲೇನೋ? ನೀ ಬರ್ತೀ ಅಂತ ಓಣಿಯಾಗೆಲ್ಲಾ ಹೇಳಿದ್ದೆ. ಉಂಡಿ ಡಬ್ಬಿ ಇಟ್ಕೊಂಡು ಬಾಗಲದಾಗ ಕುಂತಿದ್ದೆ, ಹಂಗಂದ್ರೂ ಬಂದರ ಬಂದಾನು ಅಂತ."

ಆಕೆ ಕಪ್ಪು-ಬಸಿ ಎತ್ತಿಕೊಂಡಳು. "ಚಾ ಆರೇತಿ. ಒಳಗ ಬಾ."

ಮೂರು ವರ್ಷ ಕಾದಿದ್ದ ಹತ್ತು ಹೆಜ್ಜೆಗಳನ್ನು ನಡೆದು ಒಳಗೆ ಹೋದೆ. ಒಲೆ ಇರಲಿಲ್ಲ, ಕಡಪಾ ಕಲ್ಲಿನ ಕಟ್ಟೆಯ ಮೇಲೆ ಗ್ಯಾಸು ಇತ್ತು. ರೊಟ್ಟಿ ಈಗ ಅಂಗಡಿಯಿಂದ ಕಟ್ಟಾಗಿ ಬರುತ್ತವಂತೆ. ಅಕ್ಕನ ಮೊಣಕಾಲು ಮಡಚುವುದಿಲ್ಲ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ನಾನು ನನ್ನ ಗೋಡೆಗೆ ಒರಗಲು ಹೋದೆ.

"ಅಲ್ಲೆ ಸಿಲಿಂಡರ್ ಐತಿ, ಈ ಕಡೆ ಸರದು ಕುಂಡ್ರು."

ಸರಿದು ಕೂತೆ. ಲೋಟದಲ್ಲಿ ಚಹಾ ಬಂತು, ಜೊತೆಗೆ ಕುರುಕಲೆಂದು ಒಂದು ಹಿಡಿ ಸವಣೂರು ಖಾರ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರವನ್ನು ಹೊಣೆ ಮಾಡುವುದು ಸುಲಭವಾಯಿತು. ಅಕ್ಕ ಪತ್ರವನ್ನು ಮಡಚಿ ಖಾರದ ಡಬ್ಬಿಯ ಕೆಳಗೆ ಇಟ್ಟಳು.

"ಇಲ್ಲೇ ಇರ್ಲಿ. ನಾ ಹ್ವಾದಮ್ಯಾಲ ಓದು. ಅಳಾವ್ರಿಗೆ ಅನುಕೂಲ ಆಗ್ತದ."

"ಪಂಚಮಿಗೆ ಕರಿಯಾಕ ಬಂದೇನಕ್ಕ."

"ಬಸ್ಸಿನ ಮೆಟ್ಲಾ ಹತ್ತಾಕ ಆಗೂದಿಲ್ಲೋ ಈಗ. ಅವತ್ತ ಹತ್ತತಿದ್ದೆ."

"ಕಾರು ಮಾಡ್ಕೊಂಡು ಹೋಗೂಣು."

"ಕಾರಿನ್ಯಾಗ ಬಂದು ಕುರ್ಚಿ ಮ್ಯಾಲ ಕುಂಡ್ರಲೇನು, ಬೀಗರ ಹಂಗ? ನೆಲಕ್ಕ ಕುಂಡ್ರಾಕ ಬರೂದಿಲ್ಲ, ಜೋಕಾಲಿ ಜೀಕಾಕ ಬರೂದಿಲ್ಲ. ಬ್ಯಾಡ." ಇನ್ನೊಂದು ಹಿಡಿ ಖಾರ ನನ್ನ ಮುಂದೆ ಸುರಿದು, "ಆದ್ರ ವರ್ಷಾ ವರ್ಷಾ ಕರಿಯಾಕ ಬಾ. ನಾ ಬ್ಯಾಡ ಅಂತೇನಿ. ಆದ್ರೂ ಬಾ" ಅಂದಳು.

ಆ ಪ್ರಕಾರ ಹೋಗುತ್ತಿದ್ದೇನೆ. ಈ ವರ್ಷವೂ ಹೋಗಿದ್ದೆ, ಬ್ಯಾಡ ಅಂದಳು. ಉಂಡಿಯ ಡಬ್ಬಿ ಹಿಡಿದು ಸವಣೂರು ಸ್ಟ್ಯಾಂಡಿಗೆ ಬಂದೆ. ಬಸ್ಸು ಬಂದ ಕೂಡಲೇ, ಹಿಂದೆಲ್ಲ ಅಕ್ಕನಿಗೆ ಸೀಟು ಹಿಡಿಯುತ್ತಿದ್ದಂತೆ, ಕಿಟಕಿಯೊಳಗೆ ಟವೆಲ್ಲು ಎಸೆದುಬಿಟ್ಟೆ. ಹತ್ತಿ ನೋಡಿದರೆ ಅದು ಎರಡೂ ಸೀಟಿನ ಮೇಲೆ ಬಿದ್ದಿತ್ತು. ಒಂದರಲ್ಲಿ ನಾನು ಕೂತೆ. ವೀಳ್ಯದೆಲೆಯ ಪೆಂಡಿ ಹಿಡಿದ ಒಬ್ಬ ಗೃಹಸ್ಥರು ಬಂದು, "ಇಲ್ಲೆ ಯಾರರ ಅದಾರೇನ್ರಿ?" ಎಂದು ಕೇಳಿದರು.

"ಅದಾರ್ರಿ" ಅಂದೆ.

ಪಾಪ, ಶಿಗ್ಗಾಂವಿ ಬರುವತನಕ ಅವರು ನಿಂತೇ ಬಂದರು.